ಗದಿಗೆವ್ವನ ಫೋಟೋ, ಭುವನಾಳ ಅರ್ಜಿ

ಬ್ಯಾಡಗಿಯಲ್ಲಿ ಆ ಕಾಲಕ್ಕೆ ಅರ್ಜಿ ಎಂಬ ವಸ್ತುವನ್ನು ಕರಬಸಪ್ಪನಷ್ಟು ಪ್ರೀತಿಸಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ತಹಶೀಲ್ದಾರರ ಕಚೇರಿಗೆ ಹೋಗುವ ಓಣಿಯ ತಿರುವಿನಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಅಂಗಡಿಯೆಂದರೆ ಒಂದು ಜೆರಾಕ್ಸ್ ಮಶೀನು, ಒಂದು ಎಸ್.ಟಿ.ಡಿ ಫೋನು, ಒಂದು ಗೋಂದಿನ ಬಾಟಲಿ, ಮತ್ತೆ ಗೋಡೆಗೆ ಹೊಂದಿಸಿಟ್ಟ ನಲವತ್ತೆಂಟು ನಮೂನೆಯ ಅರ್ಜಿಗಳು. ರೇಷನ್ ಕಾರ್ಡಿನದು, ಜಾತಿ ಪ್ರಮಾಣಪತ್ರದ್ದು, ನಳ ಹಾಕಿಸುವುದು, ಸತ್ತವರ ಹೆಸರು ಕಡಿಮೆ ಮಾಡಿಸುವುದು, ಹುಟ್ಟಿದವರ ಹೆಸರು ಏರಿಸುವುದು. ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು. ಆಗಿನ್ನೂ ಅರ್ಜಿಗಳು ಕಂಪ್ಯೂಟರಿನೊಳಗೆ ಹೊಕ್ಕು ಕಣ್ಮರೆಯಾಗಿರಲಿಲ್ಲ. ಕೈಯಲ್ಲಿ ಹಿಡಿಯಬಹುದಿತ್ತು, ಮಡಚಬಹುದಿತ್ತು, ಮೂಸಿದರೆ ಹೊಸ ಕಾಗದದ ವಾಸನೆ ಬರುತ್ತಿತ್ತು. ಹೊಸ ನಮೂನೆ ಬಂದ ದಿನ ಕರಬಸಪ್ಪ ಅದನ್ನು ಓದುವ ಮೊದಲು ಮೂಸುತ್ತಿದ್ದ.

ಅರ್ಜಿ ಕೊಳ್ಳಲು ಬಂದವರನ್ನು ಅವನು ಹಾಗೇ ಕಳಿಸುತ್ತಿರಲಿಲ್ಲ. "ಕುಂದ್ರಿ" ಎನ್ನುತ್ತಿದ್ದ. ಕನ್ನಡಕ ಏರಿಸಿ, ಕರಿ ಪೆನ್ನು ತೆಗೆದು ತಾನೇ ತುಂಬುತ್ತಿದ್ದ. ಅದಕ್ಕೇನೂ ತೆಗೆದುಕೊಳ್ಳುತ್ತಿರಲಿಲ್ಲ, ತುಂಬುವುದೇ ಅವನಿಗೆ ಸುಖ. ಅದರಲ್ಲೂ ಸಂಬಂಧವಿಲ್ಲದ ಕಾಲಮ್ಮು ಒಂದು ಸಿಕ್ಕಿಬಿಟ್ಟರೆ ಅವನ ಮುಖ ಅರಳುತ್ತಿತ್ತು. "ಅನ್ವಯಿಸುವುದಿಲ್ಲ" ಎಂದು ಅವನು ಬರೆದರೆ ಆ ಅಕ್ಷರಗಳು ಜರತಾರಿ ರುಮಾಲು ಸುತ್ತಿಕೊಂಡ ಗೌಡರಂತೆ ಸಾಲಾಗಿ ಕೂತಿರುತ್ತಿದ್ದವು.

ಈತನ ಹೆಂಡತಿ ಭುವನಾ. ರಾಣೆಬೆನ್ನೂರಿನ ಶಂಕ್ರಪ್ಪನ ಮಗಳು. ಶಂಕ್ರಪ್ಪನದು ಅಲ್ಲಿ ಬೀಜದ ಅಂಗಡಿ. ಭುವನಾ ಪಿಯುಸಿಯಲ್ಲಿ ಫಸ್ಟ್ ಕ್ಲಾಸು. ರಿಸಲ್ಟು ಬಂದ ತಿಂಗಳಿಗೆ ಮದುವೆ. ಮಾರ್ಕ್ಸ್ ಕಾರ್ಡು ಟ್ರಂಕಿನ ತಳ ಸೇರಿ ಏಳು ವರ್ಷವಾಗಿತ್ತು. ಮಗಳು ಶ್ವೇತಾ ಒಂದನೇ ಇಯತ್ತೆ ಸೇರಿದ ದಿನ ಅವಳನ್ನು ಬಿಟ್ಟು ಬರಲು ಸಾಲಿಗೆ ಹೋದ ಭುವನಾ ಮಧ್ಯಾಹ್ನದ ಗಂಟೆ ಹೊಡೆಯುವ ತನಕ ಕಿಟಕಿಯ ಹೊರಗೇ ನಿಂತಿದ್ದಳು. ಒಳಗೆ ಒಬ್ಬರೇ ಟೀಚರು, ಎರಡು ಕ್ಲಾಸು. ಒಂದು ಕ್ಲಾಸಿಗೆ ಮಗ್ಗಿ ಹೇಳಿ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಮೊದಲಿನದು ಸಂತೆಯಾಗುತ್ತಿತ್ತು. ಅವತ್ತು ರೊಟ್ಟಿ ಬಡಿಯುತ್ತ ಅವಳು ಗಂಡನಿಗೆ ಹೇಳಿದಳು:

"ಏನ್ರೀ, ಹಾವೇರ್ಯಾಗ ಡಿ.ಎಡ್ ಅರ್ಜಿ ಕೊಡಾಕತ್ತಾರಂತ. ನಾ ಹಾಕ್ಲೇನು?"

ಆ ಮಾತಿನಲ್ಲಿ ಡಿ.ಎಡ್ ಇತ್ತು, ಹಾವೇರಿ ಇತ್ತು, ಏಳು ವರ್ಷ ಬಾಯಿಬಿಡದ ಆಸೆಯೂ ಇತ್ತು. ಕರಬಸಪ್ಪನ ಕಿವಿಗೆ ಬಿದ್ದದ್ದು ಅರ್ಜಿ ಎಂಬ ಒಂದೇ ಶಬ್ದ.

"ಎಷ್ಟು ಪುಟಾ?" ಎಂದ.

ಮರುದಿನವೇ ಅಂಗಡಿಗೆ ಬೀಗ ಹಾಕಿ ಹಾವೇರಿಗೆ ಹೋಗಿ ತಂದ. ನಾಲ್ಕು ಪುಟ, ಇಪ್ಪತ್ಮೂರು ಕಾಲಮ್ಮು. ಮೇಲುಗಡೆಯೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಅಭ್ಯರ್ಥಿಯು ಸ್ವಂತ ಕೈಬರಹದಲ್ಲಿಯೇ ತುಂಬತಕ್ಕದ್ದು. ಭುವನಾ ಅದರ ಮೇಲೆ ಬೆರಳಿಟ್ಟು, "ನಾನಾ ತುಂಬತೀನ್ರಿ, ಹಿಂಗ ಬರದೈತಿ ನೋಡ್ರಿ" ಎಂದಳು.

ಕರಬಸಪ್ಪ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡ. "ಊರ ಮಂದೀ ಅರ್ಜಿ ನಾ ತುಂಬಿ, ಮನ್ಯಾಗಿಂದು ನೀ ತುಂಬಿದ್ರ ಓಣ್ಯಾಗ ಮುಖಾ ಹೆಂಗ ತೋರಿಸ್ಲಿ? ಗಂಡಾ ಹೆಂಡ್ತಿ ಬ್ಯಾರೆ ಬ್ಯಾರೆ ಏನು? ನನ್ನ ಕೈ ಅಂದ್ರ ನಿನ್ನ ಕೈ. ಸಹಿ ಒಂದು ನೀ ಮಾಡು" ಎಂದು ಉದಾರವಾಗಿ ಹೇಳಿದ.

ಕರಬಸಪ್ಪನ ತಾಯಿ ಸೋಮವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವಳು, "ಹಾಕ್ಲಿ ತಗೋ. ಹಾಕಿದೋರಿಗೆಲ್ಲಾ ಕೊಡತಾರೇನು?" ಎಂದು ಒಪ್ಪಿಗೆ ಕೊಟ್ಟಳು. ಅವಳದು ಒಂದೇ ಕರಾರು: ಫೋಟೋದಲ್ಲಿ ಸೊಸೆಯ ತಲೆಯ ಮೇಲೆ ಸೆರಗಿರಬೇಕು.

ಅದೇ ದಿನ ಇನ್ನೊಂದು ಅರ್ಜಿಯೂ ಅಂಗಡಿಗೆ ಬಂತು. ಮೂರು ಮನೆ ಆಚೆಯ ಗದಿಗೆವ್ವನದು. ಗದಿಗೆವ್ವನಿಗೆ ಅರವತ್ತೆಂಟು. ನಲವತ್ತು ವರ್ಷ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸಿ, ಈಗ ಬೆರಳು ಮಡಚಲು ಬಾರದೆ ಮನೆಯಲ್ಲಿ ಕೂತ ಮುದುಕಿ. ವೃದ್ಧಾಪ್ಯ ವೇತನಕ್ಕೆ ಹಾಕಬೇಕಿತ್ತು. ಸ್ಟುಡಿಯೋದಲ್ಲಿ ಒಬ್ಬಳೇ ಕೂರಲು ಅಂಜಿಕೆ ಎಂದು ಭುವನಾಳ ಜೊತೆಗೇ ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದಳು. ಒಂದೇ ಸ್ಟುಡಿಯೋ, ಒಂದೇ ನೀಲಿ ಪರದೆ, ಇಬ್ಬರ ತಲೆಯ ಮೇಲೂ ಸೆರಗು.

ಸಂಜೆ ಕರಬಸಪ್ಪ ಎರಡೂ ಅರ್ಜಿ ಮುಗಿಸಿದ. ಪ್ರತಿ ಕಾಲಮ್ಮನ್ನೂ ಮೂರು ಸಲ ತಪಾಸು ಮಾಡಿದ. ಎರಡೂ ಫೋಟೋ ಬೋರಲು ಹಾಕಿ ಬೆನ್ನಿಗೆ ಗೋಂದು ಸವರಿದ. ಅಷ್ಟರಲ್ಲಿ ಕರೆಂಟು ಹೋಯಿತು. ಅದೇ ಗಳಿಗೆಗೆ ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರೊಂದು ಅಂಗಡಿಯ ಮುಂದೆ ಹಾದುಹೋಯಿತು. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಆ ಘಾಟು ಲೆಕ್ಕಕ್ಕಿಲ್ಲ. ಆದರೆ ಕರಬಸಪ್ಪನ ಮೂಗು ಮಾತ್ರ ಮೂವತ್ತೆರಡು ವರ್ಷವಾದರೂ ಊರಿಗೆ ಹೊಂದಿಕೊಂಡಿರಲಿಲ್ಲ. ಅವನು ಏಳು ಸಲ ಸೀನಿದ. ಕನ್ನಡಕ ಮಡಿಲಿಗೆ ಬಿತ್ತು, ಫೋಟೋಗಳು ಹಾರಿದವು. ಕಣ್ಣೀರು ಸುರಿಸುತ್ತ, ತಡವರಿಸಿ ಎರಡನ್ನೂ ಹಿಡಿದು, ಕತ್ತಲೆಯಲ್ಲೇ ಒಂದೊಂದು ಅರ್ಜಿಗೆ ಒಂದೊಂದನ್ನು ಒತ್ತಿದ. ಮಡಚಿ ಲಕೋಟೆಗೆ ಹಾಕಿದ. ಮತ್ತೊಮ್ಮೆ ಬಿಚ್ಚಿ ನೋಡಲಿಲ್ಲ. ಫೋಟೋ ಎನ್ನುವುದು ಕಾಲಮ್ಮಲ್ಲ. ಕಾಲಮ್ಮಲ್ಲದ್ದನ್ನು ತಪಾಸು ಮಾಡುವ ಪದ್ಧತಿ ಅವನಲ್ಲಿರಲಿಲ್ಲ. ಕರೆಂಟು ಇಲ್ಲದ್ದರಿಂದ ಜೆರಾಕ್ಸೂ ತೆಗೆಯಲಿಲ್ಲ. ಜೀವಮಾನದಲ್ಲಿ ಅವನು ಪ್ರತಿ ಇಟ್ಟುಕೊಳ್ಳದೆ ಕಳಿಸಿದ ಅರ್ಜಿಗಳು ಆ ಎರಡೇ.

ಮೂರು ವಾರದ ಮೇಲೆ ಕಂದಾಯ ಇಲಾಖೆಯ ತಲಾಟಿ ಹೇಮಪ್ಪ ಓಣಿಗೆ ಬಂದ. ವೃದ್ಧಾಪ್ಯ ವೇತನದ ಸ್ಥಳ ತಪಾಸಣೆ. ಹೇಮಪ್ಪ ಕಟ್ಟುನಿಟ್ಟಿನ ಮನುಷ್ಯ. ಕಾಗದದಲ್ಲಿ ಇದ್ದುದನ್ನು ಕಣ್ಣಿನಿಂದ ನೋಡದೆ ಬರೆಯುವವನಲ್ಲ. ಗದಿಗೆವ್ವನ ಮನೆಯ ಮುಂದೆ ನಿಂತು ಅರ್ಜಿ ನೋಡಿದ, ಮುದುಕಿಯನ್ನು ನೋಡಿದ, ಮತ್ತೆ ಅರ್ಜಿ ನೋಡಿದ.

"ಆಯಿ, ಗದಿಗೆವ್ವನ್ನ ಕರೀ."

"ನಾನಾ ಗದಿಗೆವ್ವ."

"ನೀ ಅಲ್ಲ. ಈ ಫೋಟೋದಾಗಿನ ಗದಿಗೆವ್ವ."

ಗದಿಗೆವ್ವ ಫೋಟೋವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿ, "ಯಪ್ಪಾ, ಮದವ್ಯಾದ ಹೊಸ್ತಾಗ ನಾ ಹಿಂಗ ಇದ್ದೆ ನೋಡು" ಎಂದಳು.

ಹೇಮಪ್ಪ ಅರ್ಜಿ ಹಿಡಿದು ಓಣಿಯುದ್ದಕ್ಕೂ ವಿಚಾರಿಸಿದ. ಎಲ್ಲರೂ ಒಂದೇ ಬಾಗಿಲು ತೋರಿಸಿದರು. ಅವನು ಕರಬಸಪ್ಪನ ಮನೆಗೆ ಬಂದಾಗ ಭುವನಾ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಹೇಮಪ್ಪ ಚಪ್ಪಲಿ ಕಳೆದು, ಬಹಳ ಮರ್ಯಾದೆಯಿಂದ ಕೇಳಿದ: "ಅಮ್ಮಾರ, ತಮಗ ಅರವತ್ತೆಂಟು ತುಂಬ್ಯಾವೇನ್ರಿ?"

ಭುವನಾಳ ಕೈಯಿಂದ ತಂಬಿಗೆ ಜಾರಿತು. ಒಳಗಿನಿಂದ ಸೋಮವ್ವ ಹಾರಿ ಬಂದಳು. "ಏನಂದೀ? ನನಗಾ ಇನ್ನಾ ಅರವತ್ತು ಆಗಿಲ್ಲ, ನನ್ನ ಸೊಸೀಗೆ ಅರವತ್ತೆಂಟು?"

"ಸರಕಾರಿ ಕಾಗದದಾಗ ಐತ್ರಿ," ಎಂದ ಹೇಮಪ್ಪ. "ವಯಸ್ಸು ಅರವತ್ತೆಂಟು. ದುಡಿಯಲು ಶಕ್ತಿಯಿಲ್ಲ. ನೋಡಿಕೊಳ್ಳುವವರು ಯಾರೂ ಇಲ್ಲ. ಫೋಟೋ ಇವರದು." ಆಮೇಲೆ ದನಿ ತಗ್ಗಿಸಿ, "ಸಿಟ್ಟಾಗಬ್ಯಾಡ್ರಿ ಅಮ್ಮಾ, ಈ ವಯಸ್ಸಿಗೆ ಹಿಂಗ ಅದಾರಂದ್ರ ಏನ್ ಉಣ್ತಾರ? ನಮ್ಮ ಮನ್ಯಾಕೀಗೂ ಹೇಳ್ತಿದ್ದೆ" ಎಂದ.

ಸಂಜೆಯೊಳಗೆ ಸುದ್ದಿ ಬಜಾರ ದಾಟಿತು. ಹೊತ್ತು ಮುಳುಗುವಷ್ಟರಲ್ಲಿ ರಾಣೆಬೆನ್ನೂರು ಮುಟ್ಟಿತು. ಬ್ಯಾಡಗಿಯಲ್ಲಿ ಅದು "ಫೋಟೋ ಅದಲಿ ಬದಲಿ ಆಗೈತಂತ" ಎಂದು ಬಸ್ಸು ಹತ್ತಿದ್ದು, ರಾಣೆಬೆನ್ನೂರಿನ ಸ್ಟ್ಯಾಂಡಿನಲ್ಲಿ ಇಳಿಯುವಾಗ "ಅಳಿಯಾ ಹೊಟ್ಟಿಗೆ ಹಾಕವಲ್ಲನಂತ, ಮಗಳು ಸರಕಾರದ ಮುಂದ ಸೆರಗೊಡ್ಡ್ಯಾಳಂತ" ಎಂದಾಗಿತ್ತು. ಮರುದಿನ ಮೊದಲ ಬಸ್ಸಿಗೆ ಶಂಕ್ರಪ್ಪ ಬಂದಿಳಿದ. ಒಂದು ಕೈಯಲ್ಲಿ ಜೋಳದ ಚೀಲ, ಇನ್ನೊಂದರಲ್ಲಿ ಕೊಡೆ.

"ಅಳಿಯಂದ್ರ," ಎಂದ, ಚೀಲವನ್ನು ಕರಬಸಪ್ಪನ ಕಾಲ ಹತ್ತಿರ ಇಳಿಸಿ, "ನನ್ನ ಮಗಳು ಉಣ್ಣೋದು ಎರಡು ರೊಟ್ಟಿ. ಅದೂ ನಿಮಗ ಭಾರ ಆದ್ರ ಹೇಳಬೇಕಿತ್ತು. ತಾಲೂಕಾಫೀಸಿಗೆ ಯಾಕ ಕಳಿಸಿದ್ರಿ?"

ಕರಬಸಪ್ಪ ಕರೆಂಟು, ಟ್ರ್ಯಾಕ್ಟರು, ಏಳು ಸೀನುಗಳ ವೃತ್ತಾಂತವನ್ನು ಮಾವನಿಗೆ ವಿವರಿಸಿದ. ಸೀನಿನ ಭಾಗವನ್ನು ಮಾಡಿ ತೋರಿಸಿದ. ಶಂಕ್ರಪ್ಪ ಕೊಡೆಯನ್ನು ಮೂಲೆಗಿಟ್ಟು ಅಂತೂ ಕೂತ, ನಕ್ಕೂ ಬಿಟ್ಟ. ಸೋಮವ್ವ ಚಹಾ ತಂದಳು. ಎಲ್ಲರೂ ಹಗುರಾದ ಆ ಹೊತ್ತಿಗೆ ಬಾಗಿಲ ಹತ್ತಿರ ನಿಂತ ಭುವನಾ ಒಂದು ಮಾತು ಕೇಳಿದಳು.

"ನನ್ನ ಫೋಟೋ ಆಯಿ ಅರ್ಜಿಗೆ ಹತ್ತಿದ್ರ, ಆಯಿ ಫೋಟೋ ಎಲ್ಲಿ ಹತ್ತೇತ್ರಿ?"

ಕರಬಸಪ್ಪನ ಬಸಿಯಲ್ಲಿದ್ದ ಚಹಾ ಬಸಿಯಲ್ಲೇ ಉಳಿಯಿತು.

ಉತ್ತರ ನಾಲ್ಕು ದಿನಕ್ಕೆ ಅಂಚೆಯಲ್ಲಿ ಬಂತು. ಹಾವೇರಿಯಿಂದ ಸಂದರ್ಶನದ ಪತ್ರ. ಭುವನಾ ಕರಬಸಪ್ಪ ಎಂಬ ಅಭ್ಯರ್ಥಿಯ ಹೆಸರು ಪಟ್ಟಿಯಲ್ಲಿದೆ, ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು, ಅರ್ಜಿಯಲ್ಲಿನ ಭಾವಚಿತ್ರಕ್ಕೂ ಅಭ್ಯರ್ಥಿಗೂ ತಾಳೆಯಾಗದಿದ್ದಲ್ಲಿ ಪ್ರವೇಶ ರದ್ದು. ಪತ್ರದ ಮೂಲೆಗೆ ಅರ್ಜಿಯ ಫೋಟೋದ ಪ್ರತಿ ಇತ್ತು. ಅದರಲ್ಲಿ ಗದಿಗೆವ್ವ, ಹಲ್ಲಿಲ್ಲದ ಬಾಯಿ ಬಿಗಿ ಹಿಡಿದು, ಘನ ಗಂಭೀರಳಾಗಿ ಕೂತಿದ್ದಳು.

ಪತ್ರ ತೆರೆದ ಅಂಚೆಯಲ್ಲಿ ಬಂದಿತ್ತು, ಊರಿಗೆ ಹೊಸಬನಾದ ಪೋಸ್ಟಮನ್ನನಿಗೆ ಅದಲಿ ಬದಲಿಯ ಸುದ್ದಿ ತಿಳಿಯದು, ಮೂಲೆಯ ಮುಖವಷ್ಟೇ ಗುರುತು. ಅವನು ಹಾದಿಯಲ್ಲೇ ಗದಿಗೆವ್ವನನ್ನು ಕಂಡು ಕೈಮುಗಿದ. "ಆಯಿ, ನಿಮಗ ಡಿ.ಎಡ್ ಸೀಟು ಬಂದೈತಿ."

ಅವತ್ತು ಸಂಜೆ ಗದಿಗೆವ್ವನ ಮನೆಯ ಮುಂದೆ ಜನ. ಓಣಿಯ ಹುಡುಗರು "ಟೀಚರ್, ನಮಸ್ಕಾರ್ರೀ" ಎಂದು ಹಾದುಹೋದರು. ಗದಿಗೆವ್ವ ಮೊದಲು ಬೈದಳು, ಆಮೇಲೆ ನಮಸ್ಕಾರಕ್ಕೆ ನಮಸ್ಕಾರ ಹೇಳಿದಳು, ಕತ್ತಲಾಗುವಷ್ಟರಲ್ಲಿ ಮುಂದೆ ಬಂದ ಇಬ್ಬರು ಹುಡುಗರಿಗೆ "ಮೂಗು ಒರಸ್ಕೊಂಡು ಬರ್ರಿ" ಎಂದು ಆಜ್ಞೆ ಮಾಡಿದಳು.

ಭುವನಾ ಬೈಯಲಿಲ್ಲ. ಅತ್ತಿದ್ದರೆ ಕರಬಸಪ್ಪ ಸಮಾಧಾನ ಮಾಡುತ್ತಿದ್ದ, ಜಗಳಾಡಿದ್ದರೆ ಉತ್ತರ ಹೇಳುತ್ತಿದ್ದ. ಅವಳು ಪತ್ರವನ್ನು ಎರಡು ಸಲ ಓದಿ, ಮಡಚಿ, ಗೂಡಿನಲ್ಲಿಟ್ಟು ಹಿಟ್ಟು ನಾದಲು ಕೂತಳು. ಅವತ್ತಿನ ರೊಟ್ಟಿ ಎಂದಿಗಿಂತ ತೆಳ್ಳಗಿದ್ದವು. ಕರಬಸಪ್ಪನಿಗೆ ಅದು ಬಾಸುಂಡೆ ಬರುವಂತೆ ಹೊಡೆದುದಕ್ಕಿಂತ ಹೆಚ್ಚಾಯಿತು. ಅವನು ಪಶ್ಚಾತ್ತಾಪ ಪಟ್ಟ. ಆದರೆ ಅವನಿಗೆ ಪಶ್ಚಾತ್ತಾಪ ಪಡಲೂ ಒಂದೇ ದಾರಿ ಗೊತ್ತಿತ್ತು. ಕರಿ ಪೆನ್ನು ತೆಗೆದು ಹನ್ನೊಂದು ಪ್ಯಾರಾದ ಮನವಿ ಪತ್ರ ಬರೆದ.

ಸಂದರ್ಶನದ ದಿನ ಮೂವರೂ ಹಾವೇರಿಗೆ ಹೊರಟರು. ಕರಬಸಪ್ಪ ಫೈಲು ಎದೆಗೊತ್ತಿಕೊಂಡಿದ್ದ. ಭುವನಾಳ ಕೈಯಲ್ಲಿ ಒಂದು ಬಟ್ಟೆಯ ಚೀಲ. ಗದಿಗೆವ್ವ ಸಾಕ್ಷಿ, ಇಳಕಲ್ ಸೀರೆ ಉಟ್ಟು, ಕಿಟಕಿಯ ಪಕ್ಕ ಕೂತು, ಮೋಟೆಬೆನ್ನೂರಿನಿಂದ ಹಾವೇರಿಯ ತನಕ ಬಸ್ಸಿನವರಿಗೆಲ್ಲ ತಾನು ಎಲ್ಲಿಗೆ, ಯಾಕೆ ಹೊರಟಿದ್ದೇನೆಂದು ಹೇಳಿ ಮುಗಿಸಿದಳು. ಬಸ್ಸಿಳಿಯುವಾಗ ಕಂಡಕ್ಟರು "ಚಲೋ ಕಲೀರಿ ಅಜ್ಜಿ" ಎಂದ.

ದಾಖಲೆ ತಪಾಸು ಮಾಡುವ ಮೇಜಿನಲ್ಲಿ ಶಂಭುಲಿಂಗ ಎಂಬುವರು ಇದ್ದರು. ಐವತ್ತು ದಾಟಿದವರು, ಸಮಾಧಾನಿ. ದಿನಾ ಪಕ್ಕದ ಅಗಡಿ ಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ಹೋಗುವವರಾದ್ದರಿಂದ ಯಾವುದಕ್ಕೂ ಅವಸರ ಮಾಡಿದವರಲ್ಲ. ಅವರು ಅರ್ಜಿ ತೆರೆದು ಫೋಟೋ ನೋಡಿ, ಮುಂದೆ ನಿಂತ ಭುವನಾಳಿಗೆ ಹೇಳಿದರು:

"ತಂಗೀ, ನೀ ಹೊರಗ ಕುಂದ್ರವಾ. ಅಭ್ಯರ್ಥಿನ್ನ ಒಳಗ ಕಳಸು."

"ಅಭ್ಯರ್ಥಿ ನಾನಾ ರೀ."

"ಮತ್ತ ಇವರು?"

ಗದಿಗೆವ್ವ ಅವರ ಹೆಗಲ ಮೇಲಿನಿಂದ ಬಗ್ಗಿ ನೋಡಿದಳು. "ಅದು ನಾನಪಾ. ಚಲೋ ಬಂದೀನಿ, ಅಲ್ಲಾ?"

ಶಂಭುಲಿಂಗ ಕನ್ನಡಕ ತೆಗೆದರು. "ಅಜ್ಜಿ, ನೀವು ಡಿ.ಎಡ್ ಮಾಡಾವ್ರೇನು?"

"ಮಾಡಿಸಿದ್ರ ಒಲ್ಲೆ ಅನ್ನಂಗಿಲ್ಲ. ಆದ್ರ ಮಣಕಾಲು ನೋಯ್ತಾವು, ನೆಲಕ್ಕ ಕುಂದರಾಕಾಗಂಗಿಲ್ಲ. ಒಂದು ಬೆಂಚ್ ಇದ್ರ ನೋಡ್ರಿ."

ಕರಬಸಪ್ಪ ಮುನ್ನುಗ್ಗಿ ಮನವಿ ಪತ್ರ ಮುಂದಿಟ್ಟ. ಶಂಭುಲಿಂಗ ಓದತೊಡಗಿದರು. ವಿಷಯ: ಅಭ್ಯರ್ಥಿಯ ಮುಖ ಬದಲಾವಣೆ ಕುರಿತು. ಉಲ್ಲೇಖ: ಕಳೆದ ತಿಂಗಳ ಹದಿನೇಳನೆಯ ತಾರೀಖಿನ ಸಂಜೆಯ ಸೀನು. ಮೊದಲ ಪ್ಯಾರಾದಲ್ಲಿ ಕರೆಂಟು ಹೋಗಿತ್ತು, ಮೂರನೆಯದರಲ್ಲಿ ಟ್ರ್ಯಾಕ್ಟರು ಬಂತು, ಏಳನೆಯದರಲ್ಲಿ ಮೆಣಸಿನಕಾಯಿಯ ತಳಿಯ ವಿವರ. ಹನ್ನೊಂದನೆಯದರ ಕೊನೆಗೆ ಬಂದಾಗ ಶಂಭುಲಿಂಗರ ತುಟಿ ನಡುಗುತ್ತಿತ್ತು. ಅದು ಸಿಟ್ಟಿಗೋ ನಗೆಗೋ ಹೇಳಲು ಬರುವಂತಿರಲಿಲ್ಲ.

"ಅಕ್ಷರ ಭಾಳ ಚಲೋ ಅದಾವಲ್ಲ," ಎಂದರು. "ಯಾರವು?"

"ನನ್ನವಾ ರೀ!" ಎಂದ ಕರಬಸಪ್ಪ. ಹಾವೇರಿಯ ಅಧಿಕಾರಿಗಳ ಬಾಯಿಯಿಂದ ಆ ಮಾತು ಕೇಳಿ ಅವನಿಗೆ ಎರಡು ಅಂಗುಲ ಎತ್ತರ ಬೆಳೆದಂತಾಗಿತ್ತು.

ಶಂಭುಲಿಂಗ ಮನವಿಯನ್ನು ಅರ್ಜಿಯ ಪಕ್ಕದಲ್ಲಿಟ್ಟರು. ಎರಡರಲ್ಲೂ ಅದೇ ಕೊಂಬು, ಅದೇ ರುಮಾಲು. "ಈ ಅರ್ಜಿನೂ ನೀವಾ ತುಂಬೀರೇನು?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆದರೆ ಕರಬಸಪ್ಪ ತನ್ನ ಅಕ್ಷರವನ್ನು ತನ್ನದಲ್ಲ ಎಂದು ಹೇಳುವವನಲ್ಲ. ಅಷ್ಟು ದೊಡ್ಡ ಸುಳ್ಳು ಅವನ ಬಾಯಲ್ಲಿ ಹೊರಡುತ್ತಿರಲಿಲ್ಲ.

"ಹೌದ್ರಿ ಸಾಹೇಬ್ರ. ಪೂರಾ ನಾನಾ. ಕಾಲಮ್ ಹದಿನಾಕು ನೋಡ್ರಿ, ಮಾಜಿ ಸೈನಿಕರ ಮಕ್ಕಳು ಅಂತೈತಲ್ಲ, ಅಲ್ಲಿ ಅನ್ವಯಿಸುವುದಿಲ್ಲ ಅಂತ ಬರದದ್ದು..."

"ಸ್ವಂತ ಕೈಬರಹ ಅಂತ ಮ್ಯಾಲೆ ಛಾಪಿಸೇವಿ," ಎಂದರು ಶಂಭುಲಿಂಗ. ಈಗ ಅವರು ನಗುತ್ತಿರಲಿಲ್ಲ. "ಫೋಟೋ ಈ ತಂಗೀದಲ್ಲ. ಅಕ್ಷರ ಈ ತಂಗೀವಲ್ಲ. ಇದರೊಳಗ ಈಕೀದು ಅನ್ನೋದು ಏನೈತಿ ಹೇಳ್ರಿ? ನಾ ಏನು ನೋಡಿ ಸೀಟು ಕೊಡಲಿ?"

ಕರಬಸಪ್ಪ ಫೈಲಿನ ಹಾಳೆ ತಿರುವಿದ. ನಲವತ್ತೆಂಟು ನಮೂನೆಗಳಲ್ಲಿ ಒಂದರಲ್ಲೂ ಈ ಪ್ರಶ್ನೆ ಇರಲಿಲ್ಲ.

"ಮಾರ್ಕ್ಸ್ ನನ್ನವದಾವ್ರಿ," ಎಂದಳು ಭುವನಾ.

ಬಟ್ಟೆಯ ಚೀಲ ಬಿಚ್ಚಿ ಒಂದೊಂದಾಗಿ ಮೇಜಿನ ಮೇಲಿಟ್ಟಳು. ಪಿಯುಸಿ ಮಾರ್ಕ್ಸ್ ಕಾರ್ಡು. ಟಿ.ಸಿ. ಮತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪರೀಕ್ಷೆಯ ಹಾಲ್ ಟಿಕೆಟ್ಟು. ಅದರ ಮೇಲೆ ಎರಡು ಜಡೆ ಹಾಕಿಕೊಂಡ ಭುವನಾಳ ಫೋಟೋ, ಪ್ರಿನ್ಸಿಪಾಲರ ಸಹಿ, ದುಂಡನೆಯ ಶಿಕ್ಕಾ.

ಕರಬಸಪ್ಪ ಬಾಯಿ ತೆರೆದು ನಿಂತ. "ಇದು ಎಲ್ಲಿತ್ತು?"

"ಟ್ರಂಕಿನ್ಯಾಗ."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಶಂಭುಲಿಂಗ ಹಾಲ್ ಟಿಕೆಟ್ಟನ್ನೂ ಅವಳನ್ನೂ ನೋಡಿದರು. ಎದ್ದು ಒಳಗೆ ಮೇಲಿನವರ ಕೋಣೆಗೆ ಹೋದರು. ಒಳಗಿನಿಂದ ಒಮ್ಮೆ ಜೋರಾಗಿ ನಗು ಕೇಳಿಸಿತು. ಬಹುಶಃ ಸೀನಿನ ಉಲ್ಲೇಖದ ಜಾಗಕ್ಕೆ ಬಂದಿರಬೇಕು. ಹೊರಗೆ ಬಂದವರ ಕೈಯಲ್ಲಿ ಹೊಸದೊಂದು ಅರ್ಜಿ ಇತ್ತು.

"ತಂಗೀ, ಇಲ್ಲೇ ನನ್ನ ಮುಂದ ಕುಂತು ನಿನ್ನ ಕೈಲೇ ತುಂಬು. ನಿನ್ನ ಫೋಟೋ ಹಚ್ಚು. ಅಜ್ಜಿ, ಹಳೇ ಫೋಟೋ ನಿಮ್ಮದು ಅಂತ ಒಂದು ಹೇಳಿಕಿ ಕೊಡ್ರಿ. ಮತ್ತ ನೀವು," ಎಂದು ಕರಬಸಪ್ಪನ ಕಡೆ ತಿರುಗಿ, "ನೀವು ಹೊರಗ ಹೋಗ್ರಿ."

ಹೊರಗೆ ಬೇವಿನ ಗಿಡದ ಕೆಳಗೆ ಕಳೆದ ಆ ಅರ್ಧ ಗಂಟೆ ಕರಬಸಪ್ಪನ ಬಾಳಿನಲ್ಲೇ ಕಷ್ಟದ್ದು. ಹೆಂಡತಿಯ ಹೆರಿಗೆಯ ದಿನವೂ ಅವನು ಅಷ್ಟು ಸಲ ಎದ್ದು ಕೂತಿರಲಿಲ್ಲ. ನಾಲ್ಕು ಪುಟದ, ಇಪ್ಪತ್ಮೂರು ಕಾಲಮ್ಮಿನ ಅರ್ಜಿಯೊಂದನ್ನು ಹತ್ತು ಮಾರು ದೂರದಲ್ಲಿ ಬೇರೆಯವರು ತುಂಬುತ್ತಿದ್ದರು, ಅವನ ಪೆನ್ನು ಜೇಬಿನಲ್ಲಿತ್ತು. ಕೊನೆಗೆ ತಡೆಯಲಾರದೆ ಕಿಟಕಿಯ ಸರಳು ಹಿಡಿದು, "ಭುವನಾ, ಒಂಬತ್ತನೇದು ಗೆರೀ ಎಳದು..." ಎಂದು ಕೂಗಿದ. ಸಿಪಾಯಿಯೊಬ್ಬ ಬಂದು ಕಿಟಕಿ ಮುಚ್ಚಿದ.

ಒಳಗೆ ಶಂಭುಲಿಂಗ ಗದಿಗೆವ್ವನ ಹೇಳಿಕೆಯನ್ನು ತಾವೇ ಬರೆಯುತ್ತ ಓದಿ ಹೇಳುತ್ತಿದ್ದರು. "ಸದರಿ ಭಾವಚಿತ್ರ ನನ್ನದಿರುತ್ತದೆ. ನಾನು ಕಲಿಯಲು ಬಂದಿರುವುದಿಲ್ಲ..."

"ಹಂಗ ಬರೀಬ್ಯಾಡ್ರಿ," ಎಂದಳು ಗದಿಗೆವ್ವ.

"ಯಾಕ ಅಜ್ಜಿ?"

"ಬರಂಗಿಲ್ಲ ಅಂತ ನಾ ಯಾವತ್ತೂ ಅಂದಾಕಿ ಅಲ್ಲ. ನಮ್ಮಪ್ಪ ಕಳಸಲಿಲ್ಲ. ಕಳಸಲಿಲ್ಲ ಅಂತ ಬರೀರಿ."

ಶಂಭುಲಿಂಗ ಬರೆದ ಸಾಲು ಹೊಡೆದು ಹಾಕಿ, ಅವಳು ಹೇಳಿದ ಹಾಗೇ ಬರೆದರು. ಗದಿಗೆವ್ವ ಹೆಬ್ಬೆಟ್ಟು ಒತ್ತಿದಳು. ಭುವನಾ ಇದನ್ನು ಬಸ್ಸಿನಲ್ಲಿ ಗಂಡನಿಗೆ ಹೇಳಿದಾಗ ಕರಬಸಪ್ಪ ಎದ್ದು ತನ್ನ ಕಿಟಕಿಯ ಸೀಟನ್ನು ಗದಿಗೆವ್ವನಿಗೆ ಬಿಟ್ಟುಕೊಟ್ಟ.

ಹೀಗೆ ಭುವನಾಳಿಗೆ ಹಾವೇರಿಯಲ್ಲೇ ಸೀಟು ಸಿಕ್ಕಿತು. ಹೇಮಪ್ಪನ ಕಾಗದದಲ್ಲೂ ಮುಖ ಸರಿಯಾಗಿ, ಗಣೇಶ ಹಬ್ಬದ ಹೊತ್ತಿಗೆ ಗದಿಗೆವ್ವನಿಗೆ ವೇತನ ಮಂಜೂರಾಯಿತು. ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಕಾಲೇಜಿನವರು ತರಬೇಕಾದ ಸಾಮಾನಿನ ಪಟ್ಟಿ ಕೊಟ್ಟಿದ್ದರು. ಡ್ರಾಯಿಂಗ್ ಹಾಳೆ, ಪಾಠ ಯೋಜನೆಯ ಬುಕ್ಕು, ಬೋರ್ಡಿಗೆ ಬರೆಯುವ ಬಣ್ಣದ ಖಡು ಎಲ್ಲ ಬರೆದು, ಕೊನೆಗೆ ಒಂದು ಸಾಲು: ಸಮವಸ್ತ್ರ, ಬಿಳಿ ಸೀರೆ, ಬಿಳಿ ಕುಪ್ಪಸ.

ಶಂಕ್ರಪ್ಪ ರಾಣೆಬೆನ್ನೂರಿನಿಂದ ಸೀರೆ ಕೊಂಡು ಕಳಿಸಿದ. ಭುವನಾ ನೆರಿಗೆ ಸರಿಯಾಗುತ್ತದೋ ನೋಡೋಣವೆಂದು ಮಧ್ಯಾಹ್ನ ಉಟ್ಟು ಪಡಸಾಲೆಗೆ ಬಂದಳು. ಸೋಮವ್ವ ಅದೇ ತಾನೇ ನಿದ್ದೆಯಿಂದ ಕಣ್ಣು ತೆರೆದಳು. ಎದುರಿಗೆ ಸೊಸೆ, ಅಚ್ಚ ಬಿಳಿ ಸೀರೆಯಲ್ಲಿ. ಸೋಮವ್ವ ಏನೂ ಕೇಳಲಿಲ್ಲ, ಎದೆ ಬಡಿದುಕೊಂಡು "ಅಯ್ಯೋ ನನ್ನ ಮಗನ..." ಎಂದು ಒಂದು ಸ್ವರ ಎತ್ತಿದಳು.

ಅಂಥ ಸ್ವರಕ್ಕೆ ಓಣಿಯವರು ಕಾರಣ ಕೇಳುವುದಿಲ್ಲ, ಓಡಿ ಬರುತ್ತಾರೆ. ಬಂದವರು ಬಿಳಿ ಸೀರೆ ಕಂಡು ಬಾಗಿಲಲ್ಲೇ ಅಳಲು ಶುರು ಮಾಡಿದರು. ಬಳೆ ಮಾರುವ ಹಸೀನಾಬಿ ಬುಟ್ಟಿ ಇಳಿಸಿ, "ಮುಂಜಾನಿ ನಾ ನೋಡೀನವ್ವಾ, ಚಂದಂಗ ಅಂಗಡಿ ಬಾಗಲಾ ತಗ್ಯಾಕತ್ತಿದ್ದ" ಎಂದು ಕಣ್ಣೊರೆಸಿಕೊಂಡಳು. "ಒಂದು ದಿನ ಒಬ್ಬರ ಕಡೆ ಒಂದು ಪೈಸೆ ತಗೋಲಿಲ್ಲ, ಎಷ್ಟು ಮಂದೀಗೆ ಬರಕೊಟ್ಟ" ಎಂದರು ಇನ್ನೊಬ್ಬರು. ಭುವನಾ "ಏನೂ ಆಗಿಲ್ರಿ, ಇದು ಕಾಲೇಜಿಂದು" ಎಂದು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರು ದುಃಖಕ್ಕೆ ತಲೆ ಕೆಟ್ಟಿದೆ ಎಂದು ಇನ್ನಷ್ಟು ಅತ್ತರು.

ಆ ಹೊತ್ತಿಗೆ ಚಹಾಪುಡಿಯ ಪೊಟ್ಟಣ ಹಿಡಿದು ಕರಬಸಪ್ಪ ಮನೆಗೆ ಬಂದ. ತನ್ನ ಬಾಗಿಲಲ್ಲಿ ಅಷ್ಟು ಜನ ಅಳುವುದನ್ನು ಕಂಡು ಅವನೂ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಚಪ್ಪಲಿ ಕಳೆದು, ಹಿಂದೆ ನಿಂತು, ಮೆಲ್ಲಗೆ ಕೇಳಿದ: "ಯಾರು ಹೋದ್ರು?"

ತಿರುಗಿ ನೋಡಿದ ಹಸೀನಾಬಿ ಕಿಟಾರನೆ ಕಿರುಚಿದ ಕೂಗು ಬಜಾರಕ್ಕೂ ಕೇಳಿಸಿತಂತೆ.

ಎಲ್ಲ ತಿಳಿಯಾದ ಮೇಲೂ ಸೋಮವ್ವ ತಿಳಿಯಾಗಲಿಲ್ಲ. "ಗುಂಡಕಲ್ಲಿನಂಥ ಗಂಡ ಇರೋ ಮುತ್ತೈದಿ ಎರಡು ವರ್ಷ ಬಿಳಿ ಸೀರಿ ಉಟ್ಟು ತಿರುಗೂದೇನು? ಕಂಡೋರು ಏನಂತಾರ? ಬ್ಯಾಡಾ ಅಂದ್ರ ಬ್ಯಾಡಾ" ಎಂದು ಹಟ ಹಿಡಿದಳು. ಹಸೀನಾಬಿ, ಅತ್ತದ್ದರ ಪ್ರಾಯಶ್ಚಿತ್ತಕ್ಕೋ ಎಂಬಂತೆ, ಭುವನಾಳ ಎರಡೂ ಕೈಗೆ ಡಜನ್ ಡಜನ್ ಹಸಿರು ಬಳೆ ಏರಿಸಿದಳು. ಗದಿಗೆವ್ವ ಹಣೆಗೆ ಕಾಸಿನಗಲ ಕುಂಕುಮ ಇಟ್ಟಳು. ಸೋಮವ್ವ ದೂರ ನಿಂತು ನೋಡಿದಳು, ಹತ್ತಿರ ಬಂದು ನೋಡಿದಳು. ಮೂರು ದಿನ ಯೋಚಿಸಿ, ಕೊನೆಗೆ ಮಗನನ್ನು ಕರೆದು ತೀರ್ಪು ಹೇಳಿದಳು.

"ಉಟಗೊಂಡು ಹೋಗ್ಲಿ. ಆದ್ರ ದಿನಾ ಮುಂಜಾನಿ ಬಸ್ಸಿನ ತನಕಾ ನೀ ಸಂಗಾಟ ಹೋಗಬೇಕು. ಮುಂದ ಅಲ್ಲ, ಹಿಂದ ಅಲ್ಲ, ಜೋಡೀಲೆ. ಗಂಡ ಅದಾನ ಅಂತ ಮಂದಿಗೆ ಕಣ್ಣಿಗೆ ಬೀಳಬೇಕು."

ಭುವನಾ ಈಗ ರಾಣೆಬೆನ್ನೂರು ತಾಲೂಕಿನ ಒಂದು ಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಅವಳ ಕೈಯಲ್ಲಿ ಕಲಿತವರು ಸಾವಿರದ ಮೇಲಿದ್ದಾರೆ. ಆದರೆ ಓಣಿಯ ಹಳಬರಿಗೆ ಇನ್ನೂ ಕಣ್ಣಿಗೆ ಕಟ್ಟಿದ್ದು ಆ ಮೊದಲ ದಿನದ ಮುಂಜಾವು. ಬಿಳಿ ಸೀರೆ, ಮೊಣಕೈ ತನಕ ಹಸಿರು ಬಳೆ, ಹೆಗಲಿಗೆ ಚೀಲ. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಕರಬಸಪ್ಪ, ಸಾಕ್ಷ್ಯಕ್ಕೆ ತಂದ ವಸ್ತುವಿನ ಹಾಗೆ ನೆಟ್ಟಗೆ. ಮದುವೆಯಾಗಿ ಏಳು ವರ್ಷದಲ್ಲಿ ಗಂಡ ಹೆಂಡತಿ ಬಜಾರದೊಳಗೆ ಜೋಡಿಯಾಗಿ ನಡೆದದ್ದು ಅದೇ ಮೊದಲು. ಯಾವಾಗಲೂ ಅವನು ಹತ್ತು ಹೆಜ್ಜೆ ಮುಂದೆ, ಅವಳು ಹಿಂದೆ. ಹೇಗೆ ನಡೆಯಬೇಕೆಂದೇ ಇಬ್ಬರಿಗೂ ಗೊತ್ತಿರಲಿಲ್ಲ. ಎರಡು ಸಲ ಒಬ್ಬರ ಕಾಲು ಒಬ್ಬರು ತುಳಿದರು. ದವಾಖಾನೆಯ ತಿರುವು ದಾಟುವಾಗ ಕರಬಸಪ್ಪ ಏನಾದರೂ ಮಾತಾಡಬೇಕೆಂದು, "ಅಂಜಿಕಿ ಬರತೈತೇನು?" ಎಂದು ಕೇಳಿದ.

"ಹೂಂನ್ರಿ. ಎಲ್ಲಾರೂ ನನಗಿಂತಾ ಸಣ್ಣೋರು ಇರ್ತಾರ."

"ಇರಲಿ ಬಿಡು," ಎಂದ. ಅದಕ್ಕಿಂತ ದೊಡ್ಡ ಮಾತು ಅವನಿಗೆ ಹೊಳೆಯಲಿಲ್ಲ. ಸ್ವಲ್ಪ ಮುಂದೆ ಹೋಗಿ ಅವಳ ಹೆಗಲಿನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

ಬಸ್ಸು ನಿಂತಿತ್ತು. ಭುವನಾ ಹತ್ತಿ ಕಿಟಕಿಯ ಹತ್ತಿರ ಕೂತು, ಚೀಲ ತೆಗೆದುಕೊಂಡು ಹೇಳಿದಳು: "ಸಂಜಿ ಐದೂವರಿ ಬಸ್ಸಿಗೆ ಬರ್ತೀನ್ರಿ."

"ನಾ ಇಲ್ಲೇ ಬಂದಿರ್ತೀನಿ."

"ಅತ್ತಿಯವರು ಮುಂಜಾನಿದಷ್ಟಾ ಹೇಳ್ಯಾರಲ್ರಿ."

"ಗೊತ್ತೈತಿ," ಎಂದ ಕರಬಸಪ್ಪ.

ಅವತ್ತು ಅವನು ನಾಲ್ಕೂವರೆಗೇ ಅಂಗಡಿಗೆ ಬೀಗ ಹಾಕಿದ.